‘ಲಾಸ್ತ್ರೇ’ ಓದಲು ಹೊರಟವರಿಗೆ: ಮೊದಲು ಆ ನದಿಯನ್ನು ಹುಡುಕಿ

ಫ್ರಾನ್ಸಿನ ಕುರಿಗಾಹಿ ಕಾದಂಬರಿ, ಅಂದರೆ ಕುರಿ ಕಾಯುವವರ ಪ್ರೇಮಕಥೆ ಹೇಳುವ ಕಾದಂಬರಿ, ಎಲ್ಲಿಂದ ಬಂತು ಅಂತ ತಿಳಿಯಬೇಕಾದರೆ ತೀರಾ ಹಳೆಯದರಿಂದ ಶುರು ಮಾಡಬೇಡಿ. ನಾನು ಗ್ರೀಕರಿಂದ ಹೊರಟೆ, ಎರಡು ವರ್ಷ ಅಲ್ಲೇ ಸುತ್ತಿದೆ. ದಾರಿ ಸಿಕ್ಕಿದ್ದು ಫ್ರೆಂಚ್ ಲೇಖಕ ಒನೋರೆ ದ್ಯುರ್ಫೆಯ ‘ಲಾಸ್ತ್ರೇ’ ಕಾದಂಬರಿ ತೆರೆದ ಮೇಲೆ. ಅದರ ಮೊದಲ ಭಾಗ ಬಂದದ್ದು 1607ರಲ್ಲಿ.

ಮೊದಲು ಮ್ಯಾಪ್‌ನಲ್ಲಿ ಫೋರೆ ಸೀಮೆಯ ಲಿನ್ಯೋಂ ಹೊಳೆಯನ್ನು ನೋಡಿ. ಲ್ವಾರ್ ನದಿಗೆ ಸೇರುವ ಸಣ್ಣ ಹೊಳೆ ಅದು. ದ್ಯುರ್ಫೆ ಬೆಳೆದದ್ದು ಆ ಸೀಮೆಯಲ್ಲೇ. ಕಥೆ ನಡೆಯುವುದು ಐದನೇ ಶತಮಾನದಲ್ಲಿ, ಆದರೆ ಹೊಳೆ ಮಾತ್ರ ಅವನು ಕಣ್ಣಾರೆ ಕಂಡದ್ದು.

ಆಮೇಲೆ ಮೊದಲ ದೃಶ್ಯವನ್ನು ನಿಧಾನವಾಗಿ ಓದಿ. ಯಾರೋ ಹೇಳಿದ ಚಾಡಿ ನಂಬಿ ಕುರಿಗಾಹಿ ನಾಯಕಿ ಆಸ್ತ್ರೇ ತನ್ನ ಪ್ರಿಯಕರ ಸೆಲಾದೋಂಗೆ, ನಾನು ಹೇಳುವ ತನಕ ಕಣ್ಣಿಗೆ ಬೀಳಬೇಡ ಅಂತಾಳೆ. ಅವನು ಹೊಳೆಗೆ ಹಾರುತ್ತಾನೆ. ಬದುಕುಳಿಯುತ್ತಾನೆ, ಆದರೆ ಅವಳು ಕರೆದಿಲ್ಲವಲ್ಲ, ಹಾಗಾಗಿ ಹಿಂದಿರುಗುವುದಿಲ್ಲ. ಮುಂದೆ ಹೆಣ್ಣುವೇಷದಲ್ಲಿ ‘ಅಲೆಕ್ಸಿ’ ಎಂಬ ಹೆಸರಿಟ್ಟುಕೊಂಡು ಅವಳ ಪಕ್ಕದಲ್ಲೇ ಇರುತ್ತಾನೆ. ಅವಳು ನೋಡುತ್ತಿರುವುದು ಅಲೆಕ್ಸಿಯನ್ನು, ಸೆಲಾದೋಂನನ್ನಲ್ಲ. ಹಾಗಾಗಿ ಮಾತು ಮುರಿದಂತಾಗಲಿಲ್ಲ, ಅಲ್ವಾ? ಈ ಒಂದು ಮಾತಿನ ಮೇಲೆಯೇ ಸಾವಿರಾರು ಪುಟ ನಿಂತಿವೆ. ಯಾರ ಮಾತಿಗೆ ಯಾರು ಕಟ್ಟುಬಿದ್ದಿದ್ದಾರೆ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ನನಗೆ ತುಂಬ ಅನುಕೂಲವಾಯಿತು.

ಇಲ್ಲಿ ಕುರಿ ಸಾಕುವ ಕಷ್ಟವನ್ನು ಹುಡುಕಬೇಡಿ. ಇವರು ಹೊಟ್ಟೆಪಾಡಿಗಾಗಿ ಕುರಿ ಕಾಯುವವರಲ್ಲ, ನೆಮ್ಮದಿಯಾಗಿ ಯಾರ ಹಂಗೂ ಇಲ್ಲದೆ ಬಾಳಲು ಆ ಬದುಕನ್ನು ಆರಿಸಿಕೊಂಡವರು ಅಂತ ದ್ಯುರ್ಫೆಯೇ ಮುನ್ನುಡಿಯಲ್ಲಿ ಹೇಳುತ್ತಾನೆ. ಧರ್ಮದ ಹೆಸರಿನ ಯುದ್ಧಗಳಲ್ಲಿ ಹೋರಾಡಿ, 1595ರಲ್ಲಿ ಸೆರೆ ಅನುಭವಿಸಿದವನು ಅವನು. ಆ ಸಾಲು ಓದುವಾಗ ಇದನ್ನು ನೆನಪಿಡಿ.

ಈಗ ‘ಲಾಸ್ತ್ರೇ’ಗೂ ಹಿಂದಿನ ಕೃತಿಗಳಿಗೆ ಹೋಗಿ. ಮೊಂತೆಮಾಯೋರ್‌ನ ಸ್ಪ್ಯಾನಿಷ್ ‘ದಿಯಾನಾ’ ಮೊದಲು. ಅಲ್ಲಿನ ಕುರಿಗಾಹಿ ಸಿರೆನೋನ ಕಥೆ ಹಿಡಿದೇ ದ್ಯುರ್ಫೆ ಒಂದು ಕಾವ್ಯ ಬರೆದಿದ್ದ. ನಂತರ ಗ್ರೀಕ್ ಲೇಖಕ ಲಾಂಗಸ್‌ನ ‘ಡಾಫ್ನಿಸ್ ಮತ್ತು ಕ್ಲೋಯೆ’. ಇದನ್ನು ಅಮಿಯೋ 1559ರಲ್ಲಿ ಫ್ರೆಂಚಿಗೆ ತಂದ. ಇಟಲಿಯ ಸನ್ನಜಾರೋನ ‘ಆರ್ಕಾಡಿಯಾ’ವನ್ನು ಸುಮ್ನೆ ನಾಲ್ಕು ಪುಟ ತಿರುವಿದರೂ ಸಾಕು, ಹಾಡು ಮತ್ತು ಗದ್ಯ ಹೇಗೆ ಹೆಣೆದುಕೊಂಡಿವೆ ಅಂತ ಗೊತ್ತಾಗುತ್ತೆ.

ಇಡೀ ‘ಲಾಸ್ತ್ರೇ’ ಐದು ಸಾವಿರ ಪುಟಕ್ಕೂ ಜಾಸ್ತಿ. ಮೊದಲ ಭಾಗ ಮುಗಿಸಿ ಸ್ವಲ್ಪ ನಿಲ್ಲಿ. 1625ರಲ್ಲಿ ದ್ಯುರ್ಫೆ ತೀರಿಕೊಂಡ ಮೇಲೆ ಕಥೆ ಮುಗಿಸಿದ್ದು ಅವನ ಕಾರ್ಯದರ್ಶಿ ಬಾರೋ. ಆ ಭಾಗ ಓದುವ ಮೊದಲು ನಿಮ್ಮ ನೋಟ್‌ಬುಕ್ ಒಮ್ಮೆ ತೆಗೆದು, ಆಸ್ತ್ರೇ ಹೇಳಿದ ಆ ಮೊದಲ ಮಾತನ್ನು ಮತ್ತೆ ಓದಿಕೊಳ್ಳಿ.