ಬಿಸಿಲು ಹಿಡಿದು ಸಾಗಿದ ಕಲಿಕಾ ಮೂಲೆಗಳು: ನನ್ನ ಅನುಭವ

ಚಳಿಗಾಲದಲ್ಲಿ ಕಲಿಕಾ ಮೂಲೆಗಳು (ಮಕ್ಕಳು ಆಡುತ್ತ ಕಲಿಯುವ ಜಾಗಗಳು) ನಡೆಯುವುದಿಲ್ಲ, ಬರೆಸುವುದೇ ಒಳ್ಳೆಯದು ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗಿರುವ ನಮ್ಮ ಕನ್ನಡ ಮಾಧ್ಯಮ ಶಾಲೆಯ ಪೂರ್ವ ಪ್ರಾಥಮಿಕ ತರಗತಿಯಲ್ಲಿ ಕಳೆದ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಅವು ನಡೆದವು, ಚೆನ್ನಾಗಿಯೇ ನಡೆದವು. ಸಂಶಯವಿದ್ದವರಿಗೆ ನಾನು ಹಾಜರಿ ಪುಸ್ತಕವನ್ನೇ ತೋರಿಸುತ್ತೇನೆ.

ಪೂರ್ವ ಪ್ರಾಥಮಿಕ ತರಗತಿಗಳಿಗಾಗಿ ಕೇರಳ ಸರ್ಕಾರದ ವರ್ಣಕೂಡಾರಂ ಯೋಜನೆ ದೊರೆತ ಶಾಲೆಗಳಲ್ಲಿ 13 ಚಟುವಟಿಕೆಯ ಜಾಗಗಳಿವೆ. ನಮಗಿರುವುದು ಹಂಚಿನ ಮಾಡಿನ ಒಂದು ಕೋಣೆ, ತೆಂಕು ದಿಕ್ಕಿಗೆ ಮುಖ ಮಾಡಿದ ಒಂದು ಜಗಲಿ, 22–23 ಮಕ್ಕಳು. ಐದು ಮೂಲೆಗಿಂತ ಹೆಚ್ಚು ಹಿಡಿಸುವುದಿಲ್ಲ. ಬೆಳಗ್ಗೆ ಸಿಮೆಂಟಿನ ನೆಲ ತಣ್ಣಗಿರುತ್ತದೆ. ಕೋಣೆಯೊಳಗೆ ಮಕ್ಕಳು ಕಾಲು ಮಡಚಿ ಮುದುಡಿ ಕುಳಿತುಬಿಡುತ್ತಾರೆ. ಧನುರ್ಮಾಸದ ಸೂರ್ಯ ತೆಂಕಕ್ಕೆ ವಾಲಿರುವುದರಿಂದ ಜಗಲಿಯೊಳಗೆ ಬಿಸಿಲು ಆಳದವರೆಗೆ ಬರುತ್ತದೆ. ಹಾಗಾಗಿ ಮೂಲೆಗಳಿಗೆ ಗೋಡೆ ಗೊತ್ತುಮಾಡುವುದನ್ನು ಬಿಟ್ಟು ಹೊತ್ತು ಗೊತ್ತುಮಾಡಿದೆ. ಮೊದಲು ಬಿಸಿಲಿನ ಜಗಲಿಯಲ್ಲಿ ಅಂಗಡಿ ಮತ್ತು ಕಟ್ಟುವ ಆಟ, ಹನ್ನೊಂದು ದಾಟಿದ ಮೇಲೆ ಅಂಗಳದಲ್ಲಿ ಮಣ್ಣು, ನೀರು. ಕತೆಯ ಮೂಲೆ ಮಧ್ಯಾಹ್ನದ ಸೆಕೆಗೆ, ಒಳಗೆ.

ಹಣದ ಮಾತು. ಪೇಟೆಯಿಂದ ತರಿಸಿದ ಪ್ಲಾಸ್ಟಿಕ್ ಅಡುಗೆ ಸೆಟ್ಟು, ಬ್ಲಾಕುಗಳಿಗೆ ರಕ್ಷಕ-ಶಿಕ್ಷಕ ಸಂಘದ ಸುಮಾರು 6,500 ರೂಪಾಯಿ ಹೋಯಿತು. ಕ್ರಿಸ್ಮಸ್ ರಜೆಗೆ ಮೊದಲೇ ಅರ್ಧ ಒಡೆದಿತ್ತು. ಬಣ್ಣ ಹಾಕಿದ ಅಕ್ಕಿಯನ್ನು ಇರುವೆ ಹೊತ್ತುಕೊಂಡು ಹೋಯಿತು. ಮಾಡಿಟ್ಟ ಮಣ್ಣಿನ ಬೊಂಬೆಗಳೆಲ್ಲ ಡಿಸೆಂಬರಿನ ಒಣ ಗಾಳಿಗೆ ಬಿರುಕು ಬಿಟ್ಟವು. ಈಗ ಬಿರುಕು ಬಿಡುವುದಿಲ್ಲ, ಮಣ್ಣಿಗೆ ಏನು ಸೇರಿಸುತ್ತೇನೆ ಎಂಬುದು ಸದ್ಯ ನನ್ನಲ್ಲೇ ಇರಲಿ.

ಕೈ ಹಿಡಿದದ್ದು ಅಡಿಕೆ. ಸಿಪ್ಪೆ ಸುಲಿಯದ ಒಣ ಅಡಿಕೆ ಒಂದು ಗೋಣಿ, ಪುಕ್ಕಟೆ. "ಟೀಚರ್, ಅಡಿಕೆ ಹೆಕ್ಕಲು ಮನೆಯಲ್ಲಿ ಅಂಗಳವಿಲ್ಲವೇ?" ಎಂದು ಒಬ್ಬ ತಾಯಿ ನೇರವಾಗಿಯೇ ಕೇಳಿದರು. ಅವರನ್ನು ಜಗಲಿಯಲ್ಲಿ ಅರ್ಧ ಗಂಟೆ ಕೂರಿಸಿದೆ. ಮನೆಯಲ್ಲಿ ಮಲಯಾಳ ಆಡುವ, ಅಲ್ಲಿಯವರೆಗೆ ತರಗತಿಯಲ್ಲಿ ಬಾಯಿ ಬಿಡದಿದ್ದ ಅವರ ಮಗಳು ಅಂದು ಅಡಿಕೆ ವ್ಯಾಪಾರಿ. ಒಂದೊಂದೇ ಅಡಿಕೆಯನ್ನು ಕಿವಿಯ ಹತ್ತಿರ ಆಡಿಸುತ್ತಾಳೆ, ಒಳಗೆ ಗಟಗಟ ಸದ್ದು ಬಂದರೆ ಬುಟ್ಟಿಗೆ ಹಾಕುತ್ತಾಳೆ, ಬಾರದಿದ್ದರೆ ಹಿಂದೆ ತಳ್ಳಿ, "ಇದು ಒಣಗಲಿಲ್ಲ, ನಾಳೆ ತನ್ನಿ" ಎನ್ನುತ್ತಾಳೆ. ಕನ್ನಡದಲ್ಲಿ! ಹತ್ತರ ಗುಂಪು ಮಾಡಿ ಎಣಿಸಿದ್ದನ್ನೂ ತಾಯಿ ನೋಡಿದರು. ಮರುವಾರ ಇನ್ನೊಂದು ಗೋಣಿ ಅವರ ಮನೆಯಿಂದಲೇ ಬಂತು. (ಗುಲಗಂಜಿಯನ್ನು ಮಾತ್ರ ಯಾರು ತಂದರೂ ಒಳಗೆ ಬಿಡಬೇಡಿ, ಬೀಜ ಅಗಿದರೆ ವಿಷ.)

ಎಲ್ಲರೂ ಅಂಗಡಿಗೇ ನುಗ್ಗುವುದು ದೊಡ್ಡ ತಲೆನೋವಾಗಿತ್ತು. ಪ್ರತಿ ಮೂಲೆಗೆ ಐದು ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ) ಇಟ್ಟು, ಮುಟ್ಟಾಳೆ ತೊಟ್ಟವರಿಗೆ ಮಾತ್ರ ಆಟ ಎಂದು ಗೊತ್ತುಮಾಡಿದೆ. ಹೇನು ಹರಡಿತು, ದೂರು ಬಂತು. ಈಗ ಮಗುವಿಗೊಂದು ಸ್ವಂತ ಮುಟ್ಟಾಳೆ, ಮೂಲೆಗೆ ಐದು ಮೊಳೆ. ಮೊಳೆ ಖಾಲಿ ಇದ್ದರೆ ಮುಟ್ಟಾಳೆ ತೂಗಿಸಿ ಒಳಗೆ ಬರಬೇಕು, ಇಲ್ಲದಿದ್ದರೆ ಬೇರೆ ಮೂಲೆ. ನಾನು ಗಂಟಲು ಹರಿದುಕೊಳ್ಳುವುದು ಅಂದಿಗೆ ನಿಂತಿತು. ಊರಿನ ಅಜ್ಜನೊಬ್ಬರು ಮುಟ್ಟಾಳೆ ಒಂದಕ್ಕೆ ಐವತ್ತೋ ಅರುವತ್ತೋ ರೂಪಾಯಿಯಂತೆ ಮಾಡಿಕೊಟ್ಟರು. ಒಟ್ಟು 1,300ರ ಆಸುಪಾಸು.

ನಡುವೆ ತೆಂಗಿನೆಣ್ಣೆಯ ಪ್ರಯೋಗವೂ ನಡೆಯಿತು. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಚಳಿ ಜೋರಾದ ದಿನ ಬೆಳಗ್ಗೆ ಸೀಸೆ ಬೆಳ್ಳಗಿರುತ್ತದೆ. ಒಂದು ಸೀಸೆ ಬಿಸಿಲಿಗೆ, ಒಂದು ನೆರಳಿಗೆ. ಯಾವುದು ಮೊದಲು ಕರಗುತ್ತದೆ ಎಂದು ಮಕ್ಕಳು ಪಂದ್ಯ ಕಟ್ಟಿದರು. ಬಳಿಕ ತಾವಾಗಿಯೇ ಸೀಸೆಯನ್ನು ಕಂಕುಳಲ್ಲಿ ಇಟ್ಟು ನೋಡಿದರು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ನೆರಳಿನ ಗೆರೆ ಎಳೆಯುವ ಆಟವೂ ಈ ತಿಂಗಳುಗಳಿಗೇ ಸರಿ. ಡಿಸೆಂಬರಿನ ನಡುಹಗಲಲ್ಲೂ ಮಗುವಿನ ನೆರಳು ಅದರ ಎತ್ತರದ ಮುಕ್ಕಾಲು ಪಾಲಿನಷ್ಟು ಉದ್ದವಿರುತ್ತದೆ; ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿಗೆ ಬಂದಾಗ ಗೆರೆ ಎಳೆಯಲು ನೆರಳೇ ಸಿಗುವುದಿಲ್ಲ.

ಪಕ್ಕದ ಎರಡು ಶಾಲೆಗಳ ಟೀಚರುಗಳು ಬಂದು ಮೊಳೆಯ ಎತ್ತರವನ್ನೂ ಅಳೆದುಕೊಂಡು ಹೋಗಿದ್ದಾರೆ. ನೀವೂ ಮಾಡುವುದಾದರೆ ಅಡಿಕೆ ಹಾಳೆಯನ್ನು ಮೇ ತಿಂಗಳೊಳಗೆ ಹೆಕ್ಕಿ ಅಟ್ಟಕ್ಕೇರಿಸಿಡಿ. ಮಳೆಗೆ ನೆನೆದ ಹಾಳೆಗೆ ಬೂಷ್ಟು ಬರುತ್ತದೆ, ಮುಟ್ಟಾಳೆಗೆ ಆಗುವುದಿಲ್ಲ.