ಗುಂಡು ಬ್ರ್ಯಾಕೆಟ್ ಅವರದು, ಚೌಕ ಬ್ರ್ಯಾಕೆಟ್ ನಂದು

ಹಿರಿಯರ ಮಾತನ್ನು ರೆಕಾರ್ಡ್ ಮಾಡಿ, ಬರೆದಿಳಿಸಿ, ಪುಸ್ತಕ ಮಾಡುವ ಕೆಲಸದಲ್ಲಿ ನಾನಿರುವುದು ಹತ್ತಿರ ಹತ್ತಿರ ಹದಿನಾಲ್ಕು ವರ್ಷದಿಂದ. ಈ ಕೆಲಸದಲ್ಲಿ ದುಡ್ಡು, ಮರ್ಯಾದೆ ಎರಡೂ ಜಾಸ್ತಿ ಕಳೆದುಕೊಂಡಿದ್ದು, ಅವರ ಮಾತಿನ ನಡುವೆ ನನ್ನ ವಿವರಣೆ ಸೇರಿಸುವ ಬ್ರ್ಯಾಕೆಟ್ ದೆಸೆಯಿಂದ. ಈಗ ಒಂದು ದಾರಿ ಕೈಗೆ ಸಿಕ್ಕಿದೆ: ಗುಂಡು ಬ್ರ್ಯಾಕೆಟ್ ( ) ಮಾತಾಡಿದವರಿಗೆ, ಚೌಕ ಬ್ರ್ಯಾಕೆಟ್ [ ] ನನಗೆ. "ಕನ್ನಡದಲ್ಲಿ ಚೌಕ ಬ್ರ್ಯಾಕೆಟ್ ನಡೆಯಲ್ಲ, ಜನ ಗಣಿತದ ಪುಸ್ತಕ ಅಂದ್ಕೋತಾರೆ" ಎಂದು ಪ್ರಕಾಶಕರು ಹೇಳಿದ್ದರು. ಡಿಟಿಪಿ ಮಾಡುವ ಅಕ್ಕನೂ ಹೂಂಗುಟ್ಟಿದ್ದರು. ನಾನು ಗೌರವಿಸುವ ನಿವೃತ್ತ ಮೇಷ್ಟ್ರೊಬ್ಬರು ಸುಮ್ನೆ ನಕ್ಕಿದ್ದರು. ಆದರೂ ಚೌಕ ಹಾಕಿ ಮಾಡಿದ ಪುಸ್ತಕ ಎರಡನೇ ಮುದ್ರಣಕ್ಕೆ ಹೋಗಿದೆ. ಹಾಗಾಗಿ ಬರೆಯುವ ಧೈರ್ಯ ಬಂತು.

ಕೆಲಸ ಇಳಕಲ್ ಕಡೆಯ ನೇಕಾರರ ನೆನಪುಗಳದು. ಸುಮಾರು ನಲವತ್ತು ಗಂಟೆ ಮಾತು, ಇನ್ನೂರ ಹನ್ನೆರಡು ಪುಟ. ಪುಟಕ್ಕೆ 35 ರೂಪಾಯಿ. ಲೆಕ್ಕ ಹಾಕಿದರೆ ಏಳು ಸಾವಿರದ ಚಿಲ್ಲರೆ. ನಗಬೇಡಿ, ಈ ರೇಟು ನಿಮಗೂ ಗೊತ್ತಿದ್ದದ್ದೇ.

ಮೊದಲ ಸಲ ಎಲ್ಲರ ಹಾಗೆ ನಾನೂ ಗುಂಡು ಬ್ರ್ಯಾಕೆಟ್ಟನ್ನೇ ಹಾಕಿದ್ದೆ. ಶಾಲೆಯಲ್ಲಿ ಕಲಿಸಿದ ಆವರಣ ಚಿಹ್ನೆ ಅದೊಂದೇ ತಾನೆ? ಒಬ್ಬ ಹಿರಿಯರು "ಅವರು ನೂಲು ಕೊಡಲಿಲ್ಲ, ಮಗ್ಗ ನಿಂತು ಬಿಡ್ತು" ಅಂದಿದ್ದರು. ಕನ್ನಡದ 'ಅವರು' ಎಂಥ ಪದ ನೋಡಿ. ಒಬ್ಬ ದೊಡ್ಡ ಮನುಷ್ಯನೂ ಆಗಬಹುದು, ಹತ್ತು ಜನವೂ ಆಗಬಹುದು. ನಾನು "ಅವರು (ಸಾಲ ಕೊಟ್ಟ ಸಾಹುಕಾರರು)" ಎಂದು ಬರೆದೆ. ಅದು ನನ್ನ ಊಹೆ. ಪುಟ ಮುದ್ರಣ ಆದಮೇಲೆ ಆ ಹಿರಿಯರ ಮಗ ಬಂದರು. "ನಮ್ಮಪ್ಪ ಸಾಹುಕಾರರ ಹೆಸರು ಯಾವಾಗ ಎತ್ತಿದ್ರು? ಸೊಸೈಟಿಯವರ ಬಗ್ಗೆ ಹೇಳಿದ್ದು ಅದು. ಸಾಹುಕಾರರ ಓಣಿಯಾಗ ನಾವು ಇನ್ನೂ ಇರಬೇಕ್ರಿ" ಅಂದರು. ಆ ಮನುಷ್ಯ ಸಿಟ್ಟಿನಿಂದಲ್ಲ, ಭಯದಿಂದ ಮಾತಾಡುತ್ತಿದ್ದರು. ಅದೇ ನನಗೆ ಜಾಸ್ತಿ ನಾಟಿತು. ಒಂದು ಫಾರಂ, ಅಂದರೆ ಹದಿನಾರು ಪುಟ, ಮತ್ತೆ ಅಚ್ಚಾಯಿತು. ಒಂಬತ್ತು ಸಾವಿರದ ಆಸುಪಾಸು ಖರ್ಚು. ಅರ್ಧ ನನ್ನ ತಲೆಗೆ. ನಲವತ್ತು ಗಂಟೆ ಕಿವಿ ಸವೆಸಿದ್ದಕ್ಕೆ ಕೈಗೆ ಬಂದಿದ್ದು ಮೂರು ಸಾವಿರ.

ಊಹೆ ಮಾಡಿದ್ದು ಒಂದು ತಪ್ಪು. ಅದು ನನ್ನ ಊಹೆ ಅಂತ ಓದುವವರಿಗೆ ಗೊತ್ತಾಗದ ಹಾಗೆ ಬರೆದಿದ್ದು ಇನ್ನೂ ದೊಡ್ಡದು. ಆಮೇಲೆ ಒಂದು ಪುಟ ಜೆರಾಕ್ಸ್ ಮಾಡಿಸಿ, ಚಹಾ ಅಂಗಡಿಯಲ್ಲಿ, ಲೈಬ್ರರಿಯಲ್ಲಿ ಸಿಕ್ಕ ಹನ್ನೊಂದು ಜನಕ್ಕೆ ಕೊಟ್ಟೆ. "ಬ್ರ್ಯಾಕೆಟ್ ಒಳಗಿನ ಮಾತು ಯಾರದು?" ಎಂದು ಕೇಳಿದೆ. ಎಂಟು ಜನವೋ ಒಂಬತ್ತು ಜನವೋ "ಅಜ್ಜಂದೇ" ಅಂದರು. ತಪ್ಪಿಲ್ಲ. ಮಾತಾಡುವವರೂ ನಡುವೆ ಒಂದು ಉಪಮಾತು ಸೇರಿಸುತ್ತಾರೆ, ಅದನ್ನು ಗುಂಡು ಬ್ರ್ಯಾಕೆಟ್ಟಿನಲ್ಲೇ ಹಾಕುತ್ತೇವೆ. ಎರಡಕ್ಕೂ ಒಂದೇ ಗುರುತು ಇಟ್ಟರೆ ಜನ ಏನು ಮಾಡಬೇಕು?

ಸರಿ, ಚೌಕಕ್ಕೆ ಬಂದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಮಾಡುವ ಹಾಗೆ ಮಾಡಿದೆ. ಅಸ್ಪಷ್ಟ ಪದ ತೆಗೆದು, ಅದೇ ಜಾಗದಲ್ಲಿ ಚೌಕದೊಳಗೆ ಸ್ಪಷ್ಟ ಪದ. ಇದು ಎರಡನೇ ಸೋಲು. "ಅದರಾಗ ಕೂತ್ರ ಬೆನ್ನು ಹೋಗತೈತಿ" ಅನ್ನುವ ಮಾತು "[ಮಗ್ಗ]ದಾಗ ಕೂತ್ರ ಬೆನ್ನು ಹೋಗತೈತಿ" ಆಯಿತು. ನೋಡೋಕೆ ಚೆನ್ನಾಗಿಯೇ ಇತ್ತು. ಒಂದು ರಾತ್ರಿ ಮಲಗಿದಾಗ ಹೊಳೆಯಿತು: ಬ್ರ್ಯಾಕೆಟ್ ಹೊರಗಿರುವ 'ದಾಗ' ಯಾರದು? ಅಜ್ಜ ಹೇಳಿದ್ದು 'ಅದರಾಗ'. ಅವರ ಬಾಯಲ್ಲಿ 'ದಾಗ' ಬಂದೇ ಇಲ್ಲ. ಹೊರಗಿರುವುದೆಲ್ಲ ಅವರದು ಅಂತ ಮಾತು ಕೊಟ್ಟು, ಪ್ರತ್ಯಯದಲ್ಲೇ ಸುಳ್ಳು ಹೇಳಿದ್ದೆ. ಇಂಗ್ಲಿಷಿನವರಿಗೆ ಈ ತಲೆನೋವು ಕಡಿಮೆ. ಅವರ 'ಒಳಗೆ', 'ಮೇಲೆ' ಎಲ್ಲ ಬೇರೆ ಪದಗಳು, ಹೆಸರಿಗೆ ಅಂಟಿಕೊಳ್ಳುವುದಿಲ್ಲ. ನಮ್ಮದರಲ್ಲಿ ಪದ ಬದಲಾದರೆ ಬಾಲವೂ ಬದಲಾಗುತ್ತೆ. ಗೌರವದ ತಕರಾರು ಬೇರೆ. "ಅವರು ಬಂದ್ರು" ಇದ್ದದ್ದು "[ತಮ್ಮ] ಬಂದ್ರು" ಆದರೆ ಓದುವವನು ತಮ್ಮನಿಗೆ ಯಾಕಪ್ಪಾ ಇಷ್ಟು ಮರ್ಯಾದೆ ಅಂತಾನೆ.

ಅಷ್ಟು ಹೊತ್ತಿಗೆ ಸಾಲು ಮುರಿಯುವ ಕಾಟವೂ ಶುರುವಾಗಿತ್ತು. '[ಸಾಹುಕಾರ]' ಒಂದು ಸಾಲಿನ ಕೊನೆಗೆ, 'ರಿಗೆ' ಮುಂದಿನ ಸಾಲಿಗೆ. ನಾವು ಬಳಸಿದ ಕನ್ನಡ ಫಾಂಟಿನಲ್ಲಿ ಚೌಕ ಬ್ರ್ಯಾಕೆಟ್ಟೇ ಇರಲಿಲ್ಲ. ಅದು ಬೇರೆ ಇಂಗ್ಲಿಷ್ ಫಾಂಟಿನಿಂದ ಬಂದು, ದಪ್ಪ ಅಕ್ಷರಗಳ ನಡುವೆ ಬಡಕಲಾಗಿ ನಿಂತಿತ್ತು. ಡಿಟಿಪಿ ಅಕ್ಕನ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ.

ನಡುವೆ ಏನೇನೋ ಆಟ ಆಡಿದೆ. ಶಾಸನ ಓದುವವರು ಈ ವಿಷಯದಲ್ಲಿ ನಮ್ಮೆಲ್ಲರಿಗಿಂತ ಮುಂದೆ. ಭಾರತದ ಶಾಸನಗಳನ್ನು ಅಚ್ಚು ಹಾಕಿದ 'ಎಪಿಗ್ರಾಫಿಯಾ ಇಂಡಿಕಾ' ಸಂಪುಟಗಳಲ್ಲಿ, ಕಲ್ಲಿನಲ್ಲಿ ಇಲ್ಲದ ಅಕ್ಷರವನ್ನು ಸಂಪಾದಕರು ಸೇರಿಸಿದ ಕಡೆ ಚೌಕದೊಳಗೆ ಒಂದು ನಕ್ಷತ್ರವನ್ನೂ ಇಟ್ಟಿದ್ದಾರೆ. ಯಾರ ಕೈ ಎಲ್ಲಿ ಬಿತ್ತು ಅನ್ನೋದು ಅಕ್ಷರದ ಮಟ್ಟದಲ್ಲಿ ಗೊತ್ತಾಗುತ್ತೆ. ನಾನೂ ನಾಲ್ಕು ಪುಟಕ್ಕೆ ನಕ್ಷತ್ರ ಇಟ್ಟೆ. ಓದಿದವರೆಲ್ಲ ಪುಟದ ಬುಡದಲ್ಲಿ ಅಡಿಟಿಪ್ಪಣಿ ಹುಡುಕಿದರು! ಓರೆ ಅಕ್ಷರವನ್ನೂ ನೋಡಿದೆ. ಕನ್ನಡ ಓರೆಯಾದರೆ ಗಾಳಿಗೆ ಬಿದ್ದ ಬೆಳೆಯ ಹಾಗೆ ಕಾಣುತ್ತೆ. ಎರಡೂ ಕೈಬಿಟ್ಟೆ.

ಕೊನೆಗೆ ಕೆಲಸ ಮಾಡಿದ್ದು ಇದು. ಯಾವ ಪದವನ್ನೂ ತೆಗೆಯುವುದಿಲ್ಲ. ಅವರ ಪದ ಹಾಗೇ ಇರುತ್ತೆ, ಅದರ ಬೆನ್ನಿಗೆ ನನ್ನ ಚೌಕ, ಅದೇ ವಿಭಕ್ತಿಯಲ್ಲಿ. "ಅದರಾಗ [ಗುಂಡಿ ಮಗ್ಗದಲ್ಲಿ] ಕೂತ್ರ ಬೆನ್ನು ಹೋಗತೈತಿ." ಗುಂಡಿ ಮಗ್ಗ ಅಂದರೆ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ. ಬಾಲ ಸಮೇತ ಎಲ್ಲ ಒಳಗೇ. ಗಮನಿಸಿ, ನಾನು 'ಮಗ್ಗದಾಗ' ಅಂತ ಬರೆದಿಲ್ಲ, 'ಮಗ್ಗದಲ್ಲಿ' ಅಂತ ಬರೆದಿದ್ದೇನೆ. ಅವರದು ಆಡುಮಾತು, ನನ್ನದು ಬರಹದ ಕನ್ನಡ. ಬ್ರ್ಯಾಕೆಟ್ ಕಣ್ಣಿಗೆ ಬೀಳದಿದ್ದರೂ ದನಿ ಬದಲಾದದ್ದು ಕಿವಿಗೆ ಬೀಳುತ್ತೆ. ಇದು ನನ್ನದೇ ಐಡಿಯಾ. ಸ್ವಲ್ಪ ಜಂಬ ಇದೆ, ಇರಲಿ ಬಿಡಿ.

ವಾಕ್ಯದ ಮೊದಲ ಅಕ್ಷರ ಸಣ್ಣದೋ ದೊಡ್ಡದೋ ಅಂತ ಇಂಗ್ಲಿಷಿನವರು ಹಾಕುವ ಚೌಕ ನಮಗೆ ಬೇಕಿಲ್ಲ, ಆ ತಾಪತ್ರಯವೇ ನಮಗಿಲ್ಲ. ಬೇರೆಯವರ ಮಾತು ಹೇಳುವಾಗ ಅವರ ಹಾಗೆ ಚೌಕ ಹಾಕಿ 'ನಾನು' ಇದ್ದದ್ದನ್ನು 'ಅವಳು' ಮಾಡುವ ಗೋಜೂ ಇಲ್ಲ. "ನಾನು ಬರಲ್ಲ ಅಂತ ಹೇಳಿದಳು" ಅಂದರೆ ಮುಗೀತು, ನಮ್ಮ 'ಅಂತ' ಎಲ್ಲ ಹೊರುತ್ತೆ. ಚುಕ್ಕಿಗಳಿಗೆ ಮಾತ್ರ ಚೌಕ ಬೇಕೇ ಬೇಕು. ಅಜ್ಜ ಮಾತು ನಿಲ್ಲಿಸಿ ಉಸಿರು ತಗೊಂಡರೆ ಬರೀ ಮೂರು ಚುಕ್ಕಿ. ನಾನು ಕತ್ತರಿಸಿದ್ದರೆ [...]. ಇವೆರಡನ್ನು ಬೆರೆಸಿದರೆ ನನ್ನ ಕತ್ತರಿ ಅವರ ಮೌನ ಆಗಿಬಿಡುತ್ತೆ.

'ಸಿಕ್' ಅಂತ ಒಂದು ಲ್ಯಾಟಿನ್ ಪದ ಇದೆಯಲ್ಲ, ಮೂಲದಲ್ಲಿ ಹೀಗೇ ಇದೆ ಅನ್ನೋಕೆ. ಆಡುಮಾತಿಗೆ ಅದನ್ನು ಹಾಕುವವರನ್ನು ಕಂಡರೆ ನನಗೆ ಸಿಟ್ಟು. 'ಹೋಗತೈತಿ' ತಪ್ಪಲ್ಲ ಮಾರಾಯರೇ. ಸಂಗತಿ ತಪ್ಪಿದ್ದರೆ ಮಾತ್ರ ತಿದ್ದುವ ಚೌಕ. ಒಬ್ಬರು "ಐವತ್ತಾರರಾಗ ಕರ್ನಾಟಕ ಅಂತ ಹೆಸರಿಟ್ರು" ಅಂದಿದ್ದರು. ಅಲ್ಲಿ "[ಏಕೀಕರಣ 1956ರಲ್ಲಿ, ಕರ್ನಾಟಕ ಎಂಬ ಹೆಸರು 1973ರಲ್ಲಿ]" ಎಂದು ಹಾಕಿದೆ. ಅಜ್ಜನ ನೆನಪು ಅಜ್ಜನ ಹತ್ತಿರವೇ ಇರಲಿ, ಇಸವಿ ನನ್ನ ಹತ್ತಿರ.

ಚೌಕದಲ್ಲೂ ನಾನು ಮುಗ್ಗರಿಸಿದ್ದೇನೆ. "ಒಂದು ಸೇರು ಜೋಳ" ಅಂದಲ್ಲಿ ಜಾಣತನ ಮಾಡಿ "[ಸುಮಾರು ಒಂದು ಕೆಜಿ]" ಸೇರಿಸಿದೆ. "ಅದು ಅಳತೆ ಸೇರು, ತೂಕದ ಸೇರಲ್ಲ" ಎಂದು ಪಕ್ಕದ ಮನೆಯ ಅಜ್ಜಿ ಉಗಿದರು. ಈಗ ಹಳೆಯ ಅಳತೆಗಳ ತಂಟೆಗೇ ಹೋಗಲ್ಲ. ಇನ್ನೊಬ್ಬ ಅಜ್ಜಿ ಗಂಡನನ್ನು ಇಡೀ ಎರಡು ಗಂಟೆ 'ಇವರು' ಅಂತಲೇ ಕರೆದಿದ್ದರು. ನಾನು ಚೌಕದಲ್ಲಿ ಗಂಡನ ಹೆಸರು ಬರೆದು ಓದಿ ಹೇಳಿದೆ. ಸೆರಗು ಬಾಯಿಗೆ ಒತ್ತಿಕೊಂಡು, "ನನ್ನ ಬಾಯಾಗ ಆ ಹೆಸರು ಹಾಕೀಯಲ್ಲೋ ತಮ್ಮಾ" ಅಂದರು. ಅದು ನನ್ನ ಮಾತು ಅಂತ ಬ್ರ್ಯಾಕೆಟ್ ತೋರಿಸಿದೆ. "ನನ್ನ ಮಾತಿನ ನಡುವ ಐತಲ್ಲ" ಅಂದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. "ಇವರು [ಗಂಡ]" ಎಂದು ಬದಲಿಸಿದೆ.

ಮೊದಲ ಕರಡಿನಲ್ಲಿ ಸಾವಿರದ ನೂರರಷ್ಟು ಚೌಕ ಇದ್ದವು. ಪುಟಕ್ಕೆ ಐದಾರು. ಓದಿದರೆ ಕಲ್ಲಿನ ರಸ್ತೆಯಲ್ಲಿ ಸೈಕಲ್ ಹೊಡೆದ ಹಾಗೆ. ಪ್ರತಿಯೊಂದಕ್ಕೂ ರೆಕಾರ್ಡಿಂಗ್ ಮತ್ತೆ ಕೇಳಿ, ಇನ್ನೂರ ನಲವತ್ತಕ್ಕೆ ಇಳಿಸಿದೆ. ಯಾವುದನ್ನು ಉಳಿಸೋದು, ಯಾವುದನ್ನು ಬಿಡೋದು ಅನ್ನೋಕೆ ನನ್ನದೊಂದು ಲೆಕ್ಕ ಇದೆ. ಜೋಡಿ ತಪ್ಪಿದ ಬ್ರ್ಯಾಕೆಟ್ಟನ್ನು ಎರಡು ನಿಮಿಷದಲ್ಲಿ ಹಿಡಿಯುವ ಉಪಾಯವೂ ಇದೆ. ಅವೆರಡನ್ನೂ ಇಲ್ಲಿ ಬರೆಯಲ್ಲ, ಹೊಟ್ಟೆಪಾಡು ನೋಡಿ.

ಮೊದಲು ಐನೂರು ಪ್ರತಿ, ಆಮೇಲೆ ಮುನ್ನೂರು. ಮುನ್ನುಡಿ ಆದ ಕೂಡಲೇ ಮೂರು ಸಾಲು ಬರೆದಿದ್ದೆ: ಗುಂಡು ಬ್ರ್ಯಾಕೆಟ್ ಮಾತಾಡಿದವರದು, ಚೌಕ ಬರೆದಿಳಿಸಿದವನದು, ಚೌಕದೊಳಗಿನ ಚುಕ್ಕಿ ಅಂದರೆ ಅಲ್ಲಿ ಮಾತು ಬಿಟ್ಟಿದೆ. ಗಣಿತ ಅಂತ ಒಬ್ಬರೂ ಹೇಳಲಿಲ್ಲ. ಮೇಷ್ಟ್ರು ಫೋನ್ ಮಾಡಿ, ಎಪ್ಪತ್ತನೇ ಪುಟದ ಹತ್ತಿರ ಒಂದು ಚೌಕ ಮುಚ್ಚಿಲ್ಲ ಎಂದು ಹೇಳಿ ಇಟ್ಟರು. ಅಷ್ಟು ದೂರ ಓದಿದ್ದಾರೆ ಅಂತ ಖುಷಿಯಾಯಿತು. ಆ ಸಾಹುಕಾರರ ಓಣಿಯ ಮಗ ನಾಲ್ಕು ಪ್ರತಿ ಕೊಂಡರು.

ಈಗ ಪುಟಕ್ಕೆ 60 ಕೇಳುತ್ತೇನೆ, ಕೊಡುತ್ತಾರೆ. ಸದ್ಯ ಕೈಯಲ್ಲಿರುವುದು ಕನ್ನಡ, ಉರ್ದು ಎರಡೂ ಬೆರೆಸಿ ಮಾತಾಡುವ ಒಬ್ಬ ಟಾಂಗಾ ಚಾಚಾ. ಪ್ರತಿ ಉರ್ದು ಪದಕ್ಕೂ ಚೌಕ ಹಾಕಿದರೆ ಅವರು ಮಾತಾಡಿದ್ದಕ್ಕಿಂತ ನಾನು ಮಾತಾಡಿದ್ದೇ ಜಾಸ್ತಿ ಆಗುತ್ತೆ. ಮೂರು ಪುಟ ಒಂದು ರೀತಿ, ಮೂರು ಪುಟ ಇನ್ನೊಂದು ರೀತಿ ಮಾಡಿ ಮೊನ್ನೆ ಚಹಾ ಅಂಗಡಿಗೆ ಒಯ್ದಿದ್ದೇನೆ.