ಮನೆಮಂದಿಯೆಲ್ಲ ಸೇರಿ ಕಡಲಿಗೆ ಗಾಳ ಹಾಕಲು ಹೊರಡುವ ಮುಂಚೆ

ನಾನು ಮಲ್ಪೆಯವಳು. ಅಪ್ಪ ನಲವತ್ತು ವರ್ಷ ಕಡಲಿಗೆ ಹೋಗಿ ನಮ್ಮನ್ನು ಸಾಕಿದವರು. ನಾನೀಗ ಬೆಂಗಳೂರಿನಲ್ಲಿದ್ದೇನೆ. ಆದರೂ ಪ್ರತಿ ಡಿಸೆಂಬರಿನಲ್ಲಿ ನಮ್ಮನೆಯವರು, ನಾದಿನಿ ಮನೆಯವರು, ಗೆಳತಿಯರು, ಮಕ್ಕಳು ಸೇರಿ ಹತ್ತು ಹನ್ನೆರಡು ಮಂದಿ ಗಾಳ ಹಾಕಲು ಹೋಗುತ್ತೇವೆ. ಆರು ವರ್ಷದಿಂದ ಇದು ತಪ್ಪಿಲ್ಲ. ಹೊಸಬರಿಗೆ ಬೇಕಾಗಬಹುದೆಂದು ಇಲ್ಲಿ ಬರೆದಿಡುತ್ತಿದ್ದೇನೆ.

ಬೋಟು ಗೊತ್ತು ಮಾಡುವ ಮೊದಲು ಯಾರು ಯಾರು ಬರುತ್ತಾರೆ ಅಂತ ಗೊತ್ತು ಮಾಡಿ. ಎಷ್ಟು ಹೊತ್ತು ಕಡಲಲ್ಲಿ ಇರಬೇಕು ಅನ್ನುವುದನ್ನು ಗುಂಪಿನಲ್ಲಿ ಎಲ್ಲರಿಗಿಂತ ಬೇಗ ಸುಸ್ತಾಗುವವರೇ ತೀರ್ಮಾನಿಸಬೇಕು. ಮೊದಲನೇ ವರ್ಷ ನನಗಿದು ಗೊತ್ತಿರಲಿಲ್ಲ. ಎಂಟು ಗಂಟೆ ಹೊತ್ತು ಕಡಲಲ್ಲಿರುವುದೆಂದು ಮಾತಾಡಿಕೊಂಡು ಹೋದೆವು. ಎರಡನೇ ಗಂಟೆಗೇ ನಾದಿನಿಗೆ ವಾಂತಿ ಶುರುವಾಯಿತು. "ಸ್ವಲ್ಪ ಹೊತ್ತಲ್ಲಿ ಸರಿಹೋಗುತ್ತದೆ" ಅಂತ ನಾನೇ ಹೇಳಿದೆ. ಸರಿಹೋಗಲಿಲ್ಲ. ಆಕೆ ಬೋಟಿನ ಹಲಗೆಯ ಮೇಲೆ ಮುದುಡಿ ಮಲಗಿ ಕಣ್ಣೀರು ಹಾಕುತ್ತಿದ್ದದ್ದು ಈಗಲೂ ನನ್ನ ಕಣ್ಣ ಮುಂದಿದೆ. ಅವತ್ತಿನಿಂದ ನಮ್ಮಲ್ಲಿ ಒಂದೇ ಕಟ್ಟಳೆ: ಯಾರು ಮೊದಲು "ಹೋಗೋಣ" ಅನ್ನುತ್ತಾರೋ ಅವರ ಮಾತಿಗೆ ಬೋಟು ತಿರುಗುತ್ತದೆ. ಬೋಟು ನಡೆಸುವ ತಾಂಡೇಲರಿಗೂ ಹಿಂದಿನ ದಿನವೇ ಹೇಳಿಡುತ್ತೇನೆ. ಈಗ ನಾಲ್ಕು ಗಂಟೆ, ಐದು ಗಂಟೆ, ಅಷ್ಟೇ.

ಕಾಲ ನೋಡಿ ಹೊರಡಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗಸ್ಟಿನಲ್ಲಿ ನಿಷೇಧ ಮುಗಿದರೂ ಕಡಲು ತಣ್ಣಗಾಗಿರುವುದಿಲ್ಲ. ಮನೆಮಂದಿಗೆ ಒಳ್ಳೆಯದು ನವೆಂಬರ್ ಕೊನೆಯಿಂದ ಫೆಬ್ರವರಿ. ಆಗ ಬೆಳಗಿನ ಹೊತ್ತು ನೆಲದ ಕಡೆಯಿಂದ ಮೂಡಗಾಳಿ ಬೀಸುತ್ತದೆ, ನೀರು ಎಣ್ಣೆ ಹೊಯ್ದ ಹಾಗೆ ಇರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಪಡುಗಾಳಿ ಎದ್ದು ಅಲೆ ಒಡೆಯತೊಡಗುತ್ತದೆ. ಹಾಗಾಗಿ ಬೆಳಿಗ್ಗೆ ಆರಕ್ಕೆ ದಕ್ಕೆ (ಬೋಟು ನಿಲ್ಲುವ ಕಟ್ಟೆ) ಬಿಟ್ಟು ಹನ್ನೊಂದರೊಳಗೆ ವಾಪಸ್ ಬಂದುಬಿಡಿ.

ಡಿಸೆಂಬರ್ ಅಂತ ಕಣ್ಣುಮುಚ್ಚಿ ನಂಬಬೇಡಿ. 2017ರ ಓಖಿ ಚಂಡಮಾರುತ ಅರಬ್ಬಿ ಸಮುದ್ರಕ್ಕೆ ಬಂದದ್ದು ಡಿಸೆಂಬರ್ ಹೊತ್ತಿಗೇ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆಯ ಎತ್ತರ, ಗಾಳಿಯ ಮುನ್ಸೂಚನೆ ಕೊಡುತ್ತದೆ. ಹವಾಮಾನ ಇಲಾಖೆಯ ಎಚ್ಚರಿಕೆ ಬೇರೆ ಇರುತ್ತದೆ. ಎರಡನ್ನೂ ನೋಡಿ. ಮಕ್ಕಳಿದ್ದರೆ, ಅಲೆ ಒಂದು ಮೀಟರ್ ದಾಟುತ್ತದೆ ಅಂದರೆ ನಾನು ಹೊರಡುವುದಿಲ್ಲ. ಇದು ನನ್ನದೇ ಲೆಕ್ಕ. ತಾಂಡೇಲರು "ಇವತ್ತು ಬೇಡ" ಅಂದರೆ ಮುಗಿಯಿತು. ಮುಂಗಡ ಕೊಟ್ಟಿದ್ದೇವೆ ಅಂತ ಒತ್ತಾಯ ಮಾಡಬೇಡಿ.

ಬೋಟು ಜನರನ್ನು ಕರೆದೊಯ್ಯಲು ಪರವಾನಗಿ ಇರುವಂಥದ್ದೇ ಆಗಬೇಕು. ಹಿಂದಿನ ದಿನ ಸಂಜೆಯೇ ದಕ್ಕೆಗೆ ಹೋಗಿ ಕಣ್ಣಾರೆ ನೋಡಿ. ತಲೆಗೊಂದು ಲೈಫ್ ಜಾಕೆಟ್ ಇದೆಯಾ? ವಯರ್‌ಲೆಸ್ ಇದೆಯಾ? ಸ್ವಲ್ಪ ದೂರ ಹೋದರೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ, ಆಗ ವಯರ್‌ಲೆಸ್ಸೇ ಗತಿ. ಮಕ್ಕಳಿಗೆ ಅವರ ಅಳತೆಯ ಜಾಕೆಟ್ಟೇ ಬೇಕು. ತೊಡಿಸಿ, ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತಿ. ಜಾಕೆಟ್ ಕಿವಿವರೆಗೆ ಜಾರಿ ಬಂದರೆ ಅದು ನೀರಲ್ಲೂ ಹಾಗೇ ಜಾರುತ್ತದೆ. ಕೋಸ್ಟ್ ಗಾರ್ಡ್ ಸಂಖ್ಯೆ 1554 ಎಲ್ಲರ ಮೊಬೈಲಿನಲ್ಲೂ ಇರಲಿ. ಯಾರೆಲ್ಲ ಹೋಗಿದ್ದಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ದಡದಲ್ಲಿ ಒಬ್ಬರಿಗೆ ಬರೆದುಕೊಟ್ಟು ಹೋಗಿ. ನಮ್ಮಲ್ಲಿ ಆ ಚೀಟಿ ಅಮ್ಮನ ಹತ್ತಿರ ಇರುತ್ತದೆ.

ಇನ್ನೊಂದು ಮಾತು, ಹೆಂಗಸರಿಗೆ ಇದು ಮುಖ್ಯ: ಶೌಚಾಲಯ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಎಷ್ಟೋ ಬೋಟುಗಳಲ್ಲಿ ಇರುವುದಿಲ್ಲ. ಇಲ್ಲದಿದ್ದರೆ ಹೆಂಗಸರು ನೀರೇ ಕುಡಿಯದೆ ಕೂರುತ್ತಾರೆ, ಬಿಸಿಲಿಗೆ ತಲೆಸುತ್ತು ಜಾಸ್ತಿಯಾಗುತ್ತದೆ.

ತಲೆಸುತ್ತಿಗೆ ಮಾತ್ರೆ ತೆಗೆದುಕೊಳ್ಳುವುದಾದರೆ ಹೊರಡುವುದಕ್ಕೆ ಒಂದೆರಡು ಗಂಟೆ ಮೊದಲೇ ಆಗಬೇಕು. ವಾಂತಿ ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ. ಮಕ್ಕಳಿಗೆ, ಬಸುರಿಯರಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ. ಖಾಲಿ ಹೊಟ್ಟೆಯಲ್ಲಿ ಬರಬೇಡಿ, ಬನ್ಸ್, ಗೋಳಿಬಜೆ ತಿಂದೂ ಬರಬೇಡಿ. ಎರಡು ಇಡ್ಲಿ ಸಾಕು. ಹೊಳೆ ಕಡಲು ಸೇರುವ ಅಳಿವೆ ಬಾಗಿಲು ದಾಟುವಾಗ ಬೋಟು ಒಮ್ಮೆ ಎತ್ತಿ ಹಾಕುತ್ತದೆ. ಆಗ ಮೊಬೈಲ್ ಒಳಗಿಡಿ, ಬೋಟಿನ ನಡುಭಾಗದಲ್ಲಿ ಕೂತು ದೂರದ ದಡವನ್ನೇ ನೋಡಿ. ಡೀಸೆಲ್ ಹೊಗೆ ಬರುವ ಕಡೆ ಕೂರಬೇಡಿ. ಬಿಸಿಲಿಗೆ ಅಡಿಕೆ ಹಾಳೆಯ ಟೋಪಿ, ಮುಟ್ಟಾಳೆ, ಚಂದ, ಗಾಳಿಗೆ ಹಾರದ ಹಾಗೆ ದಾರ ಕಟ್ಟಿಕೊಳ್ಳಿ.

ಈಗ ಗಾಳದ ಮಾತು. ನಾವು ಹೋಗುವುದು 20 ಮೀಟರ್ ಆಸುಪಾಸಿನ ನೀರಿಗೆ, ಅಡಿಯಲ್ಲಿ ಕಲ್ಲು ಇರುವ ಜಾಗಕ್ಕೆ. ಕಲ್ಲಿನ ಸಂದಿಯಲ್ಲಿ ಮುರುಮೀನು ಇರುತ್ತದೆ. ರಾಡ್ ಬೇಕೆಂದೇನೂ ಇಲ್ಲ, ಕೈಗಾಳವೇ ಮಕ್ಕಳಿಗೆ ಸುಲಭ. ನೈಲಾನ್ ದಾರ, ತುದಿಗೆ ಸೀಸದ ಗುಂಡು, ಅದರ ಮೇಲೆ ಗಾಳ. ಎರೆಗೆ ಬಂಗುಡೆ ತುಂಡು ಒಳ್ಳೆಯದೇ, ಆದರೆ ಬೇಗ ಕಳಚಿಹೋಗುತ್ತದೆ. ಬೊಂಡಾಸ್ (ಸ್ಕ್ವಿಡ್) ಅನ್ನು ಬೆರಳುದ್ದ ಕೊಯ್ದು ಚುಚ್ಚಿದರೆ ರಬ್ಬರಿನ ಹಾಗೆ ಕಚ್ಚಿಕೊಂಡಿರುತ್ತದೆ. ಗುಂಡು ನೆಲ ಮುಟ್ಟಿದ್ದು ಕೈಗೆ ಗೊತ್ತಾಗುತ್ತದೆ, ದಾರ ಸಡಿಲವಾಗುತ್ತದೆ. ಆಗ ಒಂದು ಮೊಳ ಮೇಲಕ್ಕೆತ್ತಿ, ದಾರವನ್ನು ತೋರುಬೆರಳ ಮೇಲೆ ಹಾಯಿಸಿ ಸುಮ್ನೆ ಕೂತುಕೊಳ್ಳಿ. ಮೊದಲು ಟಕ್, ಟಕ್ ಅನ್ನುತ್ತದೆ. ಅದು ರುಚಿ ನೋಡುವುದು. ಆಮೇಲೆ ದಾರ ಒಂದೇ ಸಮನೆ ಕೆಳಗೆ ಜಗ್ಗುತ್ತದೆ. ಆಗ ಎಳೆಯಿರಿ. ದಾರವನ್ನು ಮಾತ್ರ ಯಾವತ್ತೂ ಕೈಗೆ ಸುತ್ತಿಕೊಳ್ಳಬೇಡಿ. ದೊಡ್ಡ ಮೀನು ಎಳೆದರೆ ಬೆರಳು ಕೊಯ್ದುಹೋಗುತ್ತದೆ. ಅಂಜಲ್ ಮೀನಿಗೆ ಗಾಳ ಬಿಡುವುದಾದರೆ ಗಾಳದ ಹತ್ತಿರ ಒಂದು ಗೇಣು ತಂತಿ ಬೇಕು, ಅದರ ಹಲ್ಲಿಗೆ ನೈಲಾನ್ ನಿಲ್ಲುವುದಿಲ್ಲ.

ಸಿಕ್ಕ ಮೀನನ್ನು ಬರಿಗೈಯಲ್ಲಿ ಹಿಡಿಯಲು ಮಕ್ಕಳನ್ನು ಬಿಡಬೇಡಿ. ಮೂರು ವರ್ಷದ ಹಿಂದೆ ಅಕ್ಕನ ಮಗ ಮೀಸೆಯಿರುವ ತೇಡೆ ಮೀನನ್ನು ಖುಷಿಯಲ್ಲಿ ಗಬಕ್ಕನೆ ಹಿಡಿದ. ಅದಕ್ಕೆ ಬೆನ್ನ ಮೇಲೊಂದು, ಎರಡೂ ಪಕ್ಕದಲ್ಲಿ ಒಂದೊಂದು ವಿಷದ ಮುಳ್ಳು. ಹುಡುಗ ಕಿರುಚಿದ್ದಕ್ಕೆ ಬೋಟೇ ನಡುಗಿತು. ಫ್ಲಾಸ್ಕಿನಲ್ಲಿ ಚಹಾಕ್ಕೆ ಅಂತ ಬಿಸಿನೀರಿತ್ತು. ಬಕೆಟ್ಟಿನಲ್ಲಿ ತಣ್ಣೀರಿಗೆ ಬೆರೆಸಿ, ನನ್ನ ಕೈಯನ್ನೇ ಮೊದಲು ಅದ್ದಿ ನೋಡಿ, ತಡೆಯುವಷ್ಟು ಬಿಸಿಯಲ್ಲಿ ಅವನ ಕೈ ಮುಳುಗಿಸಿದೆವು. ಅರ್ಧ ಗಂಟೆಯಲ್ಲಿ ಅಳು ನಿಂತಿತು, ನೋವು ಇಳಿಯಿತು. ದಡಕ್ಕೆ ಬಂದು ಆಸ್ಪತ್ರೆಗೂ ತೋರಿಸಿದೆವು, ಮುಳ್ಳಿನ ಚೂರು ಒಳಗೆ ಉಳಿಯಬಾರದಲ್ವಾ. ಈಗ ಒಂದು ಫ್ಲಾಸ್ಕ್ ಬಿಸಿನೀರು ಇದಕ್ಕೆಂದೇ ಬರುತ್ತದೆ, ಚಹಾಕ್ಕೆ ಬೇರೆ. ಅಂಗೈಗಿಂತ ಚಿಕ್ಕ ಮೀನು ಬಂದರೆ ವಾಪಸ್ ಬಿಟ್ಟುಬಿಡಿ. ಆಮೆ ಸಿಕ್ಕಿಕೊಂಡರೆ ಬಿಡಿಸಿ ಬಿಡಲೇಬೇಕು, ಅದಕ್ಕೆ ಕಾನೂನಿನ ರಕ್ಷಣೆ ಇದೆ.

ಐಸನ್ನು ಹೊರಡುವಾಗಲೇ ಬಂದರಿನಲ್ಲಿ ಪುಡಿ ಮಾಡಿಸಿ ತುಂಬಿಕೊಳ್ಳಿ, ಎಷ್ಟು ಮೀನೋ ಅಷ್ಟೇ ಐಸ್. ಬಂಗುಡೆ, ಕೇದರದಂಥ ಮೀನು ಬಿಸಿಲಲ್ಲಿ ಬಿದ್ದಿದ್ದರೆ ಅದರಲ್ಲಿ ಹಿಸ್ಟಮಿನ್ ಅನ್ನುವ ರಾಸಾಯನಿಕ ಕೂಡುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ, ತಿಂದವರ ಮೈ ಕೆಂಪಾಗಿ ತುರಿಸುತ್ತದೆ. ಹಿಡಿದ ಕೂಡಲೇ ಕಿವಿರು ಕೊಯ್ದು ರಕ್ತ ಬಸಿದು ಐಸಿಗೆ ಹಾಕಿ.

ದಕ್ಕೆಗೆ ಬಂದ ಮೇಲೆ ಪಾಲು ಹಾಕುತ್ತೇವೆ. ಮೊದಲ ಪಾಲು ತಾಂಡೇಲರಿಗೂ ಅವರ ಹುಡುಗರಿಗೂ. ಉಳಿದದ್ದು ಮನೆ ಮನೆಗೆ, ಏನೂ ಹಿಡಿಯದವರಿಗೂ ಸಮಪಾಲು. ಮುರುಮೀನಿನ ತಲೆ ಮಾತ್ರ ಯಾರಿಗೂ ಇಲ್ಲ. ಅದು ಚೀಟಿ ಹಿಡಿದು ಬಾಗಿಲಲ್ಲಿ ನಿಂತಿರುವ ಅಮ್ಮನಿಗೆ.